ಅಶೋಕರು ಒಪ್ಪಿಕೊಂಡ ಆ ಒಂದು ವರ್ಷ



*ಇಂದಿನ ಧಮ್ಮ ಚಿಂತನೆ: ಆತ್ಮಸಂಯಮ*

ಬಂಧುಗಳೇ,

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಸಾಮ್ರಾಟ ಅಶೋಕರ ಶಾಸನವಿದೆ. 2,200 ವರ್ಷಗಳಿಗೂ ಹಳೆಯದಾದ ಇದನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು.

ಅಶೋಕರು ಚಂದ್ರಗುಪ್ತ ಮೌರ್ಯರ ಮೊಮ್ಮಗ, ಬಿಂದುಸಾರರ ಮಗ. ಪಟ್ಟಕ್ಕೆ ಬಂದ 8 ವರ್ಷಕ್ಕೆ ಕಳಿಂಗವನ್ನು ಗೆದ್ದರು. ಅವರೇ ಕೆತ್ತಿಸಿದ ಲೆಕ್ಕದಂತೆ ಅಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಗೆದ್ದ ರಾಜನೇ ತನ್ನ ಗೆಲುವಿಗೆ ಮರುಗಿ ಧಮ್ಮದ ಕಡೆ ತಿರುಗಿದ.

ಮಕ್ಕಳಿಗೆ ಪಾಠ ಮಾಡುವಾಗ ನಾವು ಕಥೆಯನ್ನು ಇಲ್ಲಿಗೇ ಮುಗಿಸುತ್ತೇವೆ. ಯುದ್ಧ ನೋಡಿದರು, ಬದಲಾದರು, ಅಷ್ಟೇ. ಬ್ರಹ್ಮಗಿರಿಯ ಬಂಡೆ ಮಾತ್ರ ಮುಂದಿನ ಸತ್ಯವನ್ನೂ ಹೇಳುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಆದರೆ ಅದರಲ್ಲಿ ಒಂದು ವರ್ಷ ಸರಿಯಾಗಿ ಶ್ರಮಿಸಲಿಲ್ಲ ಎಂದು ಅಶೋಕರು ಅಲ್ಲಿ ಒಪ್ಪಿಕೊಂಡಿದ್ದಾರೆ. ಸಂಘದ ಹತ್ತಿರ ಹೋದ ಮೇಲೆಯೇ ಚೆನ್ನಾಗಿ ಶ್ರಮಿಸತೊಡಗಿದೆ ಎಂದೂ ತಿಳಿಸಿದ್ದಾರೆ. ಈ ಪ್ರಯತ್ನ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎಂಬುದು ಅದೇ ಶಾಸನದ ಸಾರ.

ಯೋಚಿಸಿ ನೋಡಿ. ಯಾರೂ ಕೇಳದಿದ್ದರೂ ಚಕ್ರವರ್ತಿಯೊಬ್ಬರು ತಮ್ಮ ಸೋಮಾರಿತನವನ್ನು ಬಂಡೆಯ ಮೇಲೆ ಬರೆಸಿದರು!

ಮತ್ತೊಂದು ಶಾಸನದಲ್ಲಿ ತಮ್ಮ ಅಡುಗೆಮನೆಯ ಲೆಕ್ಕವನ್ನೇ ಕೊಟ್ಟಿದ್ದಾರೆ. ಮೊದಲು ಅಲ್ಲಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಆಮೇಲೆ ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು, ಮುಂದೆ ಅದೂ ಇಲ್ಲ ಎಂದರು. ಪೂರ್ತಿ ನಿಲ್ಲಿಸಿಬಿಟ್ಟೆ ಎಂದು ಸುಳ್ಳು ಹೇಳಲಿಲ್ಲ, ಉಳಿದ ಮೂರನ್ನೂ ಎಣಿಸಿ ತೋರಿಸಿದರು.

ಸಂಯಮ ಎಂದರೆ ಇದೇ ಅಲ್ಲವೇ? ಎಡವದಿರುವುದಲ್ಲ, ಎಡವಿದ್ದನ್ನು ಮುಚ್ಚಿಡದೆ ಎದ್ದು ನಡೆಯುವುದು. ತರಗತಿಯಲ್ಲಿ ನಾನು ದಿನವೂ ಕಾಣುತ್ತೇನೆ. ಹೋಂವರ್ಕ್ ಮಾಡಿಲ್ಲ ಎಂದು ತಾನೇ ಎದ್ದು ನಿಂತು ಹೇಳುವ ಮಗು ಬೇಗ ದಾರಿಗೆ ಬರುತ್ತದೆ. ನೋಟ್‌ಬುಕ್ ಮನೆಯಲ್ಲೇ ಮರೆತೆ ಎನ್ನುವ ಮಗುವಿಗೆ ತಡವಾಗುತ್ತದೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ನಾಗಪುರದಲ್ಲಿ ದೀಕ್ಷೆ ಪಡೆದರು. ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕದಿಯುವುದಿಲ್ಲ ಎಂಬವೂ ಅದರಲ್ಲಿವೆ. ನಾವೂ ಕೈಮುಗಿದು ಅವನ್ನೇ ಹೇಳಿದವರು. ದೀಕ್ಷೆಗೆ ಒಂದು ದಿನ ಸಾಕು. ಅದರಂತೆ ಬದುಕಲು ಮಿಕ್ಕ ಎಲ್ಲ ದಿನಗಳೂ ಬೇಕು. ಜಯಂತಿಯ ಮೆರವಣಿಗೆ ಮುಗಿದ ರಾತ್ರಿ ನಮ್ಮಲ್ಲಿ ಎಷ್ಟು ಜನ ಆ ಪ್ರತಿಜ್ಞೆಗಳನ್ನು ನೆನೆಯುತ್ತೇವೆ? ಬೇರೆಯವರ ಮಾತು ಯಾಕೆ, ಬೆಳಗಿನ ಧ್ಯಾನವನ್ನು ನಾಳೆ ಮಾಡಿದರಾಯಿತು ಎಂದು ಮುಂದೂಡುವ ನನಗೂ ಈ ಪ್ರಶ್ನೆ ಇದೆ.

ಇಂದು ರಾತ್ರಿ ಮಲಗುವ ಮುನ್ನ ಐದು ನಿಮಿಷ ಕುಳಿತುಕೊಳ್ಳೋಣ. ಪಂಚಶೀಲದ ಐದರಲ್ಲಿ ಯಾವುದನ್ನು ಸಡಿಲ ಬಿಟ್ಟಿದ್ದೇವೆ ಎಂದು ನಮಗೆ ನಾವೇ ಹೇಳಿಕೊಳ್ಳೋಣ. ಬಂಡೆ ಬೇಡ, ಒಂದು ಹಾಳೆಯಲ್ಲಿ ಬರೆದಿಟ್ಟರೂ ಸಾಕು. ಭಾನುವಾರ ವಂದನೆಗೆ ಬರುವಾಗ ಆ ಹಾಳೆ ಜೇಬಿನಲ್ಲಿರಲಿ.

ಭವತು ಸಬ್ಬ ಮಂಗಲಂ 🌼