ಚುಕ್ಕೆ ಸಿಕ್ಕಿತು, ನಕ್ಷತ್ರವೇ ಹೌದಾ?: ವೈನು ಬಪ್ಪು ಅವರ ಬದುಕು

ಆಕಾಶದ ಫೋಟೋವನ್ನು ಸೋರ್ಸ್ ಎಕ್ಸ್‌ಟ್ರ್ಯಾಕ್ಟರ್‌ನಂಥ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿದವರಿಗೆ ಈ ತಲೆನೋವು ಗೊತ್ತುಂಟು. ಒಂದೋ ಕಣ್ಣಿಗೆ ಕಾಣುವ ನಕ್ಷತ್ರವೇ ಪಟ್ಟಿಯಲ್ಲಿ ಇರುವುದಿಲ್ಲ, ಇಲ್ಲಾಂದ್ರೆ ಆಕಾಶದಲ್ಲೇ ಇಲ್ಲದ ಸಾವಿರ ನಕ್ಷತ್ರ ಹಾಜರ್. ಕೂಡಲೇ ನಾವು ಥ್ರೆಶೋಲ್ಡ್ ಏರಿಸ್ತೇವೆ, ಇಳಿಸ್ತೇವೆ. ಇದೇ ಹುಡುಕಾಟವನ್ನು ಗಾಜಿನ ಫೋಟೋ ಫಲಕದ ಮೇಲೆ, ಬರಿಗಣ್ಣಲ್ಲಿ ಮಾಡಿದವರು ವೈನು ಬಪ್ಪು. ಸಾಫ್ಟ್‌ವೇರ್ ಕೈಕೊಟ್ಟಾಗ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದಕ್ಕೆ ಅವರ ಬದುಕಿನಲ್ಲಿ ಉತ್ತರ ಉಂಟು.

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಹಾಗಾಗಿ ದೂರದರ್ಶಕ ಹುಡುಗನಿಗೆ ಹೊಸದಲ್ಲ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಹಾರ್ವರ್ಡ್ ಸೇರಿದರು. ಅದೇ ಜುಲೈಯಲ್ಲಿ, ಆಕಾಶದ ಒಂದು ಫಲಕವನ್ನು ನೋಡುವಾಗ ನಕ್ಷತ್ರದ ಹಾಗೆ ಇಲ್ಲದ ಒಂದು ಗುರುತು ಅವರ ಕಣ್ಣಿಗೆ ಬಿತ್ತು.

ಇಲ್ಲೇ ಇರುವುದು ಅಸಲಿ ಪ್ರಶ್ನೆ. ಫಲಕದ ಮೇಲೆ ಧೂಳು ಕೂತರೂ ಗುರುತು, ರಾಸಾಯನಿಕ ಲೇಪದಲ್ಲಿ ದೋಷ ಇದ್ದರೂ ಗುರುತು. ಪರೀಕ್ಷೆ ಮಾತ್ರ ಸರಳ: ಅದೇ ಜಾಗದ ಇನ್ನೊಂದು ಚಿತ್ರ ಬೇಕು. ಕೊಳೆಯಾದರೆ ಅದರಲ್ಲಿ ಇರುವುದಿಲ್ಲ. ನಕ್ಷತ್ರವಾದರೆ ಇದ್ದಲ್ಲೇ ಇರ್ತದೆ. ಧೂಮಕೇತುವಾದರೆ ಜಾಗ ಬದಲಿಸಿರ್ತದೆ. ಬಪ್ಪು ಕಂಡದ್ದು ಧೂಮಕೇತುವೇ. ಜತೆಗಿದ್ದ ಪ್ರೊಫೆಸರ್ ಬಾರ್ಟ್ ಬೋಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಹೆಸರೂ ಸೇರಿ ಅದು ಬಪ್ಪು-ಬೋಕ್-ನ್ಯೂಕರ್ಕ್ ಧೂಮಕೇತು ಆಯಿತು.

1952ರಲ್ಲಿ ಪಿಎಚ್‌ಡಿ ಮುಗಿಯಿತು. ಮುಂದೆ ಓಲಿನ್ ವಿಲ್ಸನ್ ಜತೆ ಮಾಡಿದ ಕೆಲಸ 1957ರಲ್ಲಿ ಪ್ರಕಟವಾಯಿತು. ನಕ್ಷತ್ರದ ಬೆಳಕಿನಲ್ಲಿ ಕ್ಯಾಲ್ಸಿಯಂನ ಒಂದು ರೇಖೆ ಎಷ್ಟು ಅಗಲ ಎಂದು ಅಳೆದರೆ ಅದರ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರವನ್ನೂ ಲೆಕ್ಕ ಹಾಕಬಹುದು. ವಿಲ್ಸನ್-ಬಪ್ಪು ಪರಿಣಾಮ ಎಂದರೆ ಇದೇ.

ಇಷ್ಟು ಹೆಸರು ಬಂದವರು ಅಲ್ಲೇ ಉಳಿಯಲಿಲ್ಲ. ಉತ್ತರ ಪ್ರದೇಶದ ವೀಕ್ಷಣಾಲಯ ವಾರಾಣಸಿಯಲ್ಲಿ ಶುರುವಾದರೂ, ಬಪ್ಪು ಅದನ್ನು ನೈನಿತಾಲ್ ಬೆಟ್ಟಕ್ಕೆ ಒಯ್ದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಜಾಗ. ರಾತ್ರಿಯ ನಕ್ಷತ್ರಗಳಿಗೆ ಬೇರೆ ಆಕಾಶ ಬೇಕೆಂದು ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಕೆಲಸ ಶುರು ಮಾಡಿದ್ದು ತಮ್ಮದೇ ವರ್ಕ್‌ಶಾಪಿನಲ್ಲಿ ಮಾಡಿದ 38 ಸೆಂ.ಮೀ. ದೂರದರ್ಶಕದಿಂದ. 1972ರಲ್ಲಿ 1 ಮೀಟರಿನದು ಬಂತು. ಗಮನಿಸಿ, ಎರಡೂ ಸಲ ಅವರು ಮೊದಲು ಸರಿಮಾಡಿದ್ದು ಇನ್‌ಪುಟ್ ಅನ್ನು.

1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಹುಟ್ಟಿತು, ಅದರ ಕೇಂದ್ರ ಬೆಂಗಳೂರಿಗೆ ಬಂತು, ಬಪ್ಪು ಅದರ ನಿರ್ದೇಶಕರು. ಅವರ ಕಾಲದಲ್ಲೇ, 1977ರ ಮಾರ್ಚ್ 10ರಂದು, ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ಕಾವಲೂರಿನಲ್ಲಿ ಕಾಯುತ್ತಿದ್ದರು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲ ಸೆಕೆಂಡು ಕುಸಿಯಿತು. ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅದನ್ನು ಹೊಸ ಉಪಗ್ರಹ ಎಂದು ವರದಿ ಮಾಡಿದರು. ಅದೇ ಹೊತ್ತು ಅಮೆರಿಕದ ವಿಮಾನ ವೀಕ್ಷಣಾಲಯಕ್ಕೆ ಗ್ರಹದ ಎರಡೂ ಬದಿಯಲ್ಲಿ ಜೋಡಿಜೋಡಿ ಕುಸಿತ ಸಿಕ್ಕಿತ್ತು. ಹಾಗಾಗಿ ಅದು ಉಪಗ್ರಹವಲ್ಲ, ಉಂಗುರಗಳು. ಕಾವಲೂರಿನ ಡಿಟೆಕ್ಷನ್ ನೂರಕ್ಕೆ ನೂರು ನಿಜ. ತಪ್ಪಿದ್ದು ಹಚ್ಚಿದ ಲೇಬಲ್ ಮಾತ್ರ. ಇವೆರಡೂ ಬೇರೆಬೇರೆ ಎಂಬುದು ಮಷಿನ್ ಲರ್ನಿಂಗ್ ಮಾಡುವವರು ನೆನಪಿಡಬೇಕಾದ ಮಾತು.

ಈಗ ನಮ್ಮ ಊರಿಗೆ ಬನ್ನಿ. ಸಂತೆಕಟ್ಟೆಯ ಟೆರೇಸಿನಿಂದ ಫೋಟೋ ತೆಗೆದರೆ ಹೈವೇ ದೀಪಗಳ ಕಡೆ ಆಕಾಶ ಬೆಳ್ಳಗೆ, ಇನ್ನೊಂದು ಕಡೆ ಕಪ್ಪು. ಇಡೀ ಚಿತ್ರಕ್ಕೆ ಒಂದೇ ಹಿನ್ನೆಲೆ ಮಟ್ಟ ಹಿಡಿದರೆ ಒಂದು ಬದಿ ಸುಳ್ಳು ನಕ್ಷತ್ರ, ಇನ್ನೊಂದು ಬದಿ ಖಾಲಿ. ಥ್ರೆಶೋಲ್ಡ್ ಮುಟ್ಟುವ ಮೊದಲು ಹಿನ್ನೆಲೆಯನ್ನು ಸಣ್ಣ ಚೌಕಗಳಲ್ಲಿ ಅಂದಾಜು ಮಾಡಿಸಿ. ತೀರಾ ಸಣ್ಣದಾದರೆ ಗೆಲಾಕ್ಸಿಯನ್ನೂ ಹಿನ್ನೆಲೆ ಅಂತ ನುಂಗಿಬಿಡ್ತದೆ, ಜಾಗ್ರತೆ. ಕ್ಯಾಮೆರಾದ ಹಾಟ್ ಪಿಕ್ಸೆಲ್‌ಗಳನ್ನು ಡಾರ್ಕ್ ಫ್ರೇಮ್ ಕಳೆದು ತೆಗೆಯಿರಿ. ನಕ್ಷತ್ರ ಸಾಮಾನ್ಯವಾಗಿ ಹಲವು ಪಿಕ್ಸೆಲ್‌ಗೆ ಹರಡಿರ್ತದೆ, ಹಾಗಾಗಿ ಅಂಟಿಕೊಂಡ ಕನಿಷ್ಠ ಪಿಕ್ಸೆಲ್‌ಗಳ ಸಂಖ್ಯೆ ನಿಗದಿ ಮಾಡಿ. ಕೊನೆಗೆ ಬಪ್ಪು ಕಾಲದ ಪರೀಕ್ಷೆಯೇ: ಇನ್ನೊಂದು ಫ್ರೇಮಿನಲ್ಲೂ ಅದು ಉಂಟಾ?

1979ರಲ್ಲಿ ಬಪ್ಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ದೇಶದಲ್ಲೇ ದೊಡ್ಡ ದೂರದರ್ಶಕ ಮಾಡುವ ಅವರ ಕನಸಿನ ಕೆಲಸ ನಡೆಯುತ್ತಿತ್ತು. ಅದು ಮುಗಿಯುವ ಮೊದಲೇ, 1982ರ ಆಗಸ್ಟ್ 19ರಂದು, ಹೃದಯ ಶಸ್ತ್ರಚಿಕಿತ್ಸೆಯ ನಂತರ ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು 55. ಬೆಂಗಳೂರಿನಲ್ಲಿ ಉಜ್ಜಿ ನಯಮಾಡಿದ 2.34 ಮೀಟರ್ ಕನ್ನಡಿಯ ಆ ದೂರದರ್ಶಕಕ್ಕೆ 1986ರಲ್ಲಿ ಅವರದೇ ಹೆಸರಿಟ್ಟರು. ಅದು ಇರುವುದು ಅವರು ಹುಡುಕಿಕೊಟ್ಟ ಕಾವಲೂರಿನ ಆಕಾಶದ ಕೆಳಗೇ.