ಮೆತ್ತಗಾದ ಗೆರೆ: ಬೆಂಗಳೂರಿನ ರಾಮನ್

ಸಿ.ವಿ. ರಾಮನ್ ಅಂದ್ರೆ ನಮಗೆಲ್ಲ ನೆನಪಾಗೋದು 1928ರ ರಾಮನ್ ಪರಿಣಾಮ, 1930ರ ನೊಬೆಲ್. ಆಮೇಲೆ 40 ವರ್ಷ ಅವರು ಏನು ಮಾಡ್ತಿದ್ದರು ಅಂತ ಯಾರೂ ಕೇಳಲ್ಲ.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್ 1907ರಲ್ಲಿ ಹಣಕಾಸು ಇಲಾಖೆಯ ನೌಕರಿ ಹಿಡಿದು ಕಲ್ಕತ್ತಾಕ್ಕೆ ಹೋದರು. ಹಗಲು ಆಫೀಸು, ಉಳಿದ ಹೊತ್ತು ಲ್ಯಾಬು. 1917ರಲ್ಲಿ ನೌಕರಿ ಬಿಟ್ಟು ಪ್ರೊಫೆಸರ್ ಆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಜಗಳಗಳು ಹೆಚ್ಚಾಗಿ 1937ರಲ್ಲಿ ಆ ಕುರ್ಚಿ ಬಿಡಬೇಕಾಯ್ತು. ಆದರೆ ಊರು ಬಿಡಲಿಲ್ಲ, ಅಲ್ಲೇ ಫಿಸಿಕ್ಸ್ ಪ್ರೊಫೆಸರಾಗಿ ಉಳಿದರು.

ಹಾಗೆ ಉಳಿದದ್ದಕ್ಕೇ 1940ರ ಕೆಲಸ ಆಯ್ತು. ನಮ್ಮ ಮನ್ನಾಏಖೇಳ್ಳಿ ಕಡೆ ಕಲ್ಲು ಅಂದ್ರೆ ಅಲ್ಲಾಡದ ವಸ್ತು. ರಾಮನ್‌ಗೆ ಹಾಗಲ್ಲ. ಬೆಣಚುಕಲ್ಲು, ಅಂದ್ರೆ ಕ್ವಾರ್ಟ್ಜ್, ಒಳಗೆ ಒಂದು ಚೌಕಟ್ಟು. ಒಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್, ಇಂಥ ಗುಂಪುಗಳು ಮೂಲೆ ಮೂಲೆಗೆ ಜೋಡಿಸಿಕೊಂಡಿರ್ತವೆ. ಸುಮಾರು 573 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಯಾವ ಬಂಧವೂ ಮುರಿಯಲ್ಲ. ಗುಂಪುಗಳು ಸ್ವಲ್ಪ ತಿರುಗಿ, ಆಲ್ಫಾ ರೂಪ ಹೋಗಿ ಹೆಚ್ಚು ಸಮ್ಮಿತಿಯ ಬೀಟಾ ರೂಪ ಬರುತ್ತೆ. ತಣ್ಣಗಾದರೆ ಮತ್ತೆ ಮೊದಲಿನಂತೆ.

ರಾಮನ್ ಮತ್ತು ಶಿಷ್ಯ ನೆಡುಂಗಾಡಿ ಕ್ವಾರ್ಟ್ಜ್ ಕಾಯಿಸುತ್ತಾ ಅದರ ರಾಮನ್ ರೋಹಿತ ನೋಡಿದರು. ಬೇರೆ ಮುಖ್ಯ ಗೆರೆಗಳು ಸ್ವಲ್ಪ ಅಗಲವಾದರೂ ಕಾಣ್ತಾನೇ ಇದ್ದವು. 220ರ ಹತ್ತಿರದ ಒಂದು ಗೆರೆ ಮಾತ್ರ ಹರಡಿಕೊಂಡು, ಕಡಿಮೆ ಆವರ್ತನದ ಕಡೆ ಸರಿದು, ಮಸುಕಾಯ್ತು. ಆ ಕಂಪನದ ಸ್ಪ್ರಿಂಗ್ ಮೆತ್ತಗಾಗ್ತಿದೆ, ರಚನೆ ಬದಲಾಗೋದಕ್ಕೂ ಅದಕ್ಕೂ ನಂಟಿದೆ ಅಂತ ಅವರು ಗುರುತಿಸಿದರು. ಸುಮಾರು 20 ವರ್ಷ ಕಳೆದ ಮೇಲೆ ಕಾಕ್ರನ್ ಮತ್ತು ಆಂಡರ್ಸನ್ ಇದೇ ವಿಚಾರಕ್ಕೆ ಪೂರ್ತಿ ಸಿದ್ಧಾಂತ ಕೊಟ್ಟರು. ಇವತ್ತು ಅದನ್ನ ಸಾಫ್ಟ್ ಮೋಡ್ ಅಂತೀವಿ.

ಸಿವಿಲ್‌ನವರಿಗೂ ಇದು ಬೇಕು. ಬೆಂಕಿ ಬಿದ್ದ ಕಟ್ಟಡದ ಕಾಂಕ್ರೀಟ್‌ನಲ್ಲಿ ಕ್ವಾರ್ಟ್ಜ್ ಇದ್ದರೆ, ಆ 573ರ ಹತ್ತಿರ ಅದು ಹಿಗ್ಗಿ ಬಿರುಕು ಬಿಡಿಸುತ್ತೆ.

ರಾಮನ್ ಯಾವಾಗಲೂ ಸರಿ ಅಂತೇನಿಲ್ಲ. ಹರಳುಗಳ ಕಂಪನದ ಬಗ್ಗೆ ಮ್ಯಾಕ್ಸ್ ಬಾರ್ನ್ ಜೊತೆ ವರ್ಷಗಟ್ಟಲೆ ವಾದ ಮಾಡಿದರು. ಕೊನೆಗೆ ಗೆದ್ದದ್ದು ಬಾರ್ನ್ ಸಿದ್ಧಾಂತವೇ. ಆದರೆ ಲ್ಯಾಬಿನಲ್ಲಿ ಕಂಡ ಆ ಗೆರೆಯನ್ನ ಯಾವ ವಾದವೂ ಅಳಿಸಲಿಲ್ಲ.

1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಶುರು ಮಾಡಿ, ಹರಳು, ವಜ್ರ, ಖನಿಜಗಳನ್ನ ಕೂಡಿಟ್ಟರು. 1970ರ ನವೆಂಬರ್ 21ರಂದು ತೀರಿಕೊಂಡರು. ಅಂತ್ಯಕ್ರಿಯೆ ಆದದ್ದೂ ಆ ಸಂಸ್ಥೆಯ ತೋಟದಲ್ಲೇ.