ಬೆಳ್ಳಿತೆರೆಯಿಂದ ವರ್ಣಲೋಕಕ್ಕೆ: ಶ್ರೀಮತಿ ದೇವಿಕಾರಾಣಿ ರೋರಿಕ್

ಭಾರತೀಯ ಚಲಚ್ಚಿತ್ರರಂಗದ ಪ್ರಥಮ ಮಹಿಳೆಯೆಂದು ಖ್ಯಾತರಾದ ಶ್ರೀಮತಿ ದೇವಿಕಾರಾಣಿಯವರು ತಮ್ಮ ಬಾಳಿನ ಉತ್ತರಾರ್ಧವನ್ನು ಕಳೆದುದು ಕನ್ನಡನಾಡಿನಲ್ಲಿ, ಬೆಂಗಳೂರಿನ ಅಂಚಿನ ತಾತಗುಣಿಯಲ್ಲಿ. ಚನ್ನರಾಯಪಟ್ಟಣದಿಂದ ಹೊರಟವರು ರಾಜಧಾನಿಯನ್ನು ದಾಟಿ ಕನಕಪುರದ ದಾರಿ ಹಿಡಿದರೆ ಆ ತೋಟ ಸಿಗುತ್ತದೆ. ಮುಂಬಯಿಯ ಹೆಸರಾಂತ ಚಿತ್ರಸಂಸ್ಥೆಯ ಒಡತಿಯಾಗಿದ್ದವರು ಮೂವತ್ತೇಳರ ಪ್ರಾಯದಲ್ಲಿ ಅದೆಲ್ಲವನ್ನೂ ತೊರೆದು ಚಿತ್ರಕಾರನೊಬ್ಬನ ಮನೆಗೆ ನಡೆದುಬಂದುದು ಸಾಮಾನ್ಯ ಸಂಗತಿಯಲ್ಲ.

ದೇವಿಕಾರಾಣಿಯವರು 1908ರ ಮಾರ್ಚ್ 30ರಂದು ವಾಲ್ಟೇರಿನಲ್ಲಿ, ಪ್ರತಿಷ್ಠಿತ ವಂಗೀಯ ಮನೆತನದಲ್ಲಿ ಜನಿಸಿದರು. ತಂದೆ ಕರ್ನಲ್ ಮನ್ಮಥನಾಥ ಚೌಧುರಿಯವರು ಮದರಾಸು ಪ್ರಾಂತ್ಯದ ಸರ್ಜನ್ ಜನರಲ್ ಪದವಿಗೇರಿದ ಮೊದಲ ಭಾರತೀಯರು. ಕವೀಂದ್ರ ರವೀಂದ್ರರದು ಇವರ ಬಂಧುವರ್ಗ. ಎಳೆಯ ವಯಸ್ಸಿನಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿದ ಬಾಲಿಕೆ ಅಲ್ಲಿ ಅಭಿನಯದ ಜೊತೆಗೆ ಬಟ್ಟೆಗಳ ಚಿತ್ತಾರ ರಚನೆಯನ್ನೂ ಕಲಿತರು. ಚಿತ್ರರಂಗವನ್ನು ಪ್ರವೇಶಿಸಿದುದು ನಟಿಯಾಗಿ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹಿಮಾಂಶು ರಾಯ್ ಅವರು ಇಬ್ಬರು ಅರಸರ ಜೂಜಿನ ಕಥೆಯನ್ನು 1929ರಲ್ಲಿ ಮೂಕಿಚಿತ್ರವಾಗಿ ತೆರೆಗೆ ತಂದಾಗ, ಅದರ ವೇಷಭೂಷಣ ಮತ್ತು ಕಲಾವಿಭಾಗಕ್ಕೆ ನೆರವಾದವರು ದೇವಿಕಾರಾಣಿ. ಬಣ್ಣ ಹಚ್ಚಿಕೊಳ್ಳುವ ಮೊದಲೇ ಬಣ್ಣವನ್ನು ಬಲ್ಲವರು ಅವರು.

ಅದೇ ವರ್ಷ ರಾಯ್ ಅವರನ್ನು ವಿವಾಹವಾಗಿ, ಜರ್ಮನಿಯಲ್ಲಿ ಚಿತ್ರನಿರ್ಮಾಣದ ಮರ್ಮಗಳನ್ನು ಅರಿತು, 1933ರಲ್ಲಿ ‘ಕರ್ಮ’ ಚಿತ್ರದ ನಾಯಿಕೆಯಾದರು. 1934ರಲ್ಲಿ ದಂಪತಿಗಳು ಮುಂಬಯಿಯ ಮಲಾಡಿನಲ್ಲಿ ‘ಬಾಂಬೆ ಟಾಕೀಸ್’ ಸಂಸ್ಥೆಯನ್ನು ಕಟ್ಟಿದರು. ಕುಲೀನ ಮನೆತನದ ಹೆಣ್ಣುಮಕ್ಕಳು ನಟಿಸುವುದನ್ನು ಸಮಾಜವು ಸಹಿಸದಿದ್ದ ಕಾಲವದು. 1936ರ ‘ಅಛೂತ್ ಕನ್ಯಾ’ದಲ್ಲಿ ಅವರು ಅಸ್ಪೃಶ್ಯ ಕುಲದ ಕನ್ಯೆಯಾಗಿ ಅಭಿನಯಿಸಿದರು. ಬ್ರಾಹ್ಮಣ ತರುಣನನ್ನು ಒಲಿದ ಆ ಹುಡುಗಿ ಕಡೆಗೆ ಧಾವಿಸಿ ಬರುವ ರೈಲನ್ನು ತಡೆಯಲು ಹೋಗಿ ಪ್ರಾಣವನ್ನೇ ತೆರುತ್ತಾಳೆ. ಹರಳಯ್ಯ ಮಧುವರಸರ ಮಕ್ಕಳ ವಿವಾಹಕ್ಕಾಗಿ ಕಲ್ಯಾಣವು ತೆತ್ತ ಬೆಲೆಯನ್ನು ಬಲ್ಲ ಕನ್ನಡಿಗರಿಗೆ ಆ ಕಥೆಯ ನೋವು ಹೊಸದಲ್ಲ.

1940ರಲ್ಲಿ ರಾಯ್ ಅವರು ಅಕಾಲದಲ್ಲಿ ತೀರಿಕೊಂಡರು. ಸಂಸ್ಥೆಯ ಭಾರವೆಲ್ಲ ಪತ್ನಿಯ ಹೆಗಲಿಗೇರಿತು. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನರನ್ನು ಗುರುತಿಸಿ, ದಿಲೀಪ್ ಕುಮಾರ್ ಎಂಬ ಹೆಸರಿನಲ್ಲಿ ಬೆಳಕಿಗೆ ತಂದವರೂ ಇವರೇ. ಆದರೆ ಒಳಗಿನ ಬಣಗಳ ಕಲಹ ನಿಲ್ಲಲಿಲ್ಲ. ಅಶೋಕ್ ಕುಮಾರರಂತಹ ಪ್ರಮುಖರು ಹೊರನಡೆದು ಬೇರೊಂದು ಸಂಸ್ಥೆ ಕಟ್ಟಿದರು.

1945ರಲ್ಲಿ ದೇವಿಕಾರಾಣಿಯವರು ಚಿತ್ರರಂಗವನ್ನು ತ್ಯಜಿಸಿ, ರಷ್ಯಾದಲ್ಲಿ ಜನಿಸಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಕೈಹಿಡಿದರು. ಕೆಲಕಾಲ ಹಿಮಾಲಯದ ಮಡಿಲಿನ ಕುಲು ಕಣಿವೆಯಲ್ಲಿ ನೆಲಸಿ, ಬಳಿಕ ಬೆಂಗಳೂರಿಗೆ ಬಂದರು. ಕುಂಚ ಹಿಡಿದವರು ರೋರಿಕ್; ಅದಕ್ಕೆ ಬೇಕಾದ ನೆಮ್ಮದಿಯನ್ನು ಕಾಯ್ದವರು ದೇವಿಕಾರಾಣಿ. ಇದನ್ನು ಕಡಿಮೆಯ ಕೆಲಸವೆಂದು ಬಗೆಯುವವರು ಕಲೆಯನ್ನು ಅರಿಯರು. ಕ್ಯಾಮೆರಾದ ಮುಂದೆ ನಿಂತು ದಣಿದ ಮುಖವು ಈಗ ಪತಿಯ ಚಿತ್ರಫಲಕದ ಮುಂದೆ ಕುಳಿತಿತು. ಅವರ ಭಾವಚಿತ್ರವನ್ನು ರೋರಿಕ್ ಮತ್ತೆ ಮತ್ತೆ ಬರೆದರು. ತಾತಗುಣಿಯ ಸುಮಾರು 468 ಎಕರೆಯ ತೋಟದಲ್ಲಿ ಸುಗಂಧ ತೈಲ ಕೊಡುವ ಲಿನಾಲೋ ಮರಗಳು ಬೆಳೆದವು. ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ನೆಹರೂ ಅವರ ಭಾವಚಿತ್ರವನ್ನು ಕಂಡವರು ರೋರಿಕ್ ಅವರ ಕೈಚಳಕವನ್ನು ಕಂಡವರೇ ಸರಿ. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿಯೂ ಅವರ ಕೃತಿಗಳಿವೆ.

ಪದ್ಮಶ್ರೀ 1958ರಲ್ಲಿ ಬಂತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸ್ಥಾಪನೆಗೊಂಡಾಗ ಮೊಟ್ಟಮೊದಲು ಸಂದುದು ಈ ತಾಯಿಗೇ. ಬಿಟ್ಟುಬಂದ ಲೋಕವೇ ಕಾಲು ಶತಮಾನದ ಬಳಿಕ ಅವರನ್ನು ಅರಸಿಕೊಂಡು ಬಂದಿತ್ತು.

ಮಕ್ಕಳಿಲ್ಲದ ದಂಪತಿಗಳ ಮುಪ್ಪು ಸುಖದ್ದಾಗಿರಲಿಲ್ಲ. ರೋರಿಕ್ 1993ರ ಜನವರಿ 30ರಂದು ನಿಧನರಾದರು; 1994ರ ಮಾರ್ಚ್ 9ರಂದು ದೇವಿಕಾರಾಣಿಯವರೂ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಆಸ್ತಿಗಾಗಿ ವ್ಯಾಜ್ಯಗಳೆದ್ದವು. ತೋಟವನ್ನು ರಕ್ಷಿಸಲು ಕರ್ನಾಟಕ ಸರ್ಕಾರವು 1996ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಅದನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದು 2011ರಲ್ಲಿ. ಆ ವೇಳೆಗೆ ತೋಟದ ಒಡತಿ ಕಾಲವಾಗಿ ಹದಿನೇಳು ವರ್ಷಗಳು ಸಂದಿದ್ದವು.